ಎಡಕ್ಕೆ ಒಂದೂವರೆ ಸುತ್ತು

ಡಬ್ಬಿಯ ತಳದಲ್ಲಿ, ಎಡಗಡೆಯ ರಬ್ಬರು ಕಾಲಿನಿಂದ ಅರ್ಧ ಬೆರಳಿನಷ್ಟು ದೂರದಲ್ಲಿ ಒಂದು ತೂತಿದೆ. ಸಣ್ಣ ಸ್ಕ್ರೂಡ್ರೈವರಿನ ತುದಿಯಷ್ಟೇ ಅದರಲ್ಲಿ ಹೋಗುತ್ತದೆ. ಕೊರೆದ ಮೇಲೆ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದ್ದಾರೆ, ಬೆರಳಾಡಿಸಿದರೆ ತರಚುವುದಿಲ್ಲ. ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಾಗ ಆ ತೂತು ಯಾರಿಗೂ ಕಾಣುವುದಿಲ್ಲ. ಕಾಣಬಾರದೆಂದೇ ಅಲ್ಲಿ ಕೊರೆದದ್ದು.

ಕೊರೆದವರು ಇಮಾಮಸಾಬ ಕಾಕಾ. ಬೈಲಹೊಂಗಲದ ಬಜಾರದ ಹಿಂದಿನ ಓಣಿಯಲ್ಲಿ ಅವರದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಅಂಗಡಿಗೆ ಬೋರ್ಡು ಇರಲಿಲ್ಲ. ಊರವರು ಅವರನ್ನು ರೇಡಿಯೋ ಸಾಬ ಎನ್ನುತ್ತಿದ್ದರು. ಆ ಹೆಸರೇ ಬೋರ್ಡು. ಎತ್ತರದ, ಒಣಕಲು ಆಳು. ಅಂಗಿಯ ಎದೆಯ ಮೇಲೆ ಬೆಸುಗೆ ಹಾಕುವ ಸಾಲ್ಡರಿನ ಹನಿ ಸಿಡಿದು ಆದ ಸಣ್ಣ ಸುಟ್ಟ ಚುಕ್ಕೆಗಳು. ಬಲಗಿವಿಯ ಮೇಲೆ ಸದಾ ಒಂದು ಮೋಟು ಪೆನ್ಸಿಲ್. ಏನನ್ನಾದರೂ ಗಮನವಿಟ್ಟು ಕೇಳಬೇಕಾದಾಗ ಮೊದಲು ಆ ಪೆನ್ಸಿಲ್ ತೆಗೆದು ಮೇಜಿನ ಮೇಲಿಡುತ್ತಿದ್ದರು. "ಪೆನ್ಸಿಲ್ ಇದ್ರ ಕಿವಿಗಿ ಭಾರ ಆಕ್ಕೈತಿ. ಭಾರ ಹೊತ್ತ ಕಿವಿ ಪೂರಾ ಕೇಳಂಗಿಲ್ಲ," ಎನ್ನುವರು. ಅದು ತಮಾಷೆಯೋ ನಂಬಿಕೆಯೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಯಾರಾದರೂ ರೇಡಿಯೋ ತಂದು ಮೇಜಿನ ಮೇಲಿಟ್ಟು "ಕೆಟ್ಟೈತಿ" ಎಂದರೆ ಅವರು ಅದನ್ನು ಮುಟ್ಟುತ್ತಿರಲಿಲ್ಲ.

"ಕೆಟ್ಟೈತಿ ಅಂದ್ರ ನನಗೇನ ತಿಳೀತೈತಿ? ನಿನಗ ಏನ ಕೇಳಸತೈತಿ, ಏನ ಕೇಳಸವಲ್ದು, ಅದನ್ನ ಹೇಳು."

"ನೀನ ನೋಡೋ ಮಾರಾಯಾ. ಅದೆಲ್ಲಾ ಹೇಳಾಕ ಬಂದಿದ್ರ ನಾನ ರಿಪೇರಿ ಮಾಡ್ಕೊತಿದ್ನಿ."

"ಹಂಗಾರ ಮಾಡ್ಕೋ. ಸ್ಕ್ರೂಡ್ರೈವರ್ ಅಲ್ಲೈತಿ ನೋಡು."

ಗಿರಾಕಿ ಸೋತು ಹೇಳತೊಡಗುತ್ತಿದ್ದ. ಸುದ್ದಿ ಕೇಳುತ್ತದೆ, ಹಾಡು ಕೇಳುವುದಿಲ್ಲ. ಬೆಳಿಗ್ಗೆ ಸರಿ ಇರುತ್ತದೆ, ಮಧ್ಯಾಹ್ನ ಗೊರಗೊರ ಎನ್ನುತ್ತದೆ. ಕಾಕಾ ಕಣ್ಣು ಮುಚ್ಚಿ ಕೇಳುವರು. ಅವರು ಪರೀಕ್ಷೆ ಮಾಡುತ್ತಿದ್ದದ್ದು ರೇಡಿಯೋವನ್ನಲ್ಲ, ಅದರ ಮುಂದೆ ಕೂರುವವನನ್ನು ಎಂಬುದು ನನಗೆ ಅರ್ಥವಾದದ್ದು ತಡವಾಗಿ.

ಅವರದೊಂದು ಪದ್ಧತಿ ಇತ್ತು. ಬಿಚ್ಚಿದ ಪ್ರತಿ ಸೆಟ್ಟಿನ ಮುಚ್ಚಳದ ಒಳಮೈಯಲ್ಲಿ, ಏನು ಮಾಡಿದೆ, ಯಾಕೆ ಮಾಡಿದೆ ಎಂದು ಪೆನ್ಸಿಲ್ಲಿನಿಂದ ಬರೆದು ಕೆಳಗೆ ಹೆಸರು ಹಾಕುವುದು. ಒಮ್ಮೆ ದೊಡವಾಡದ ಒಬ್ಬ ಅಜ್ಜ ರೇಡಿಯೋ ತಂದಿದ್ದ. "ಇದರ ದನಿ ಬಿದ್ದೈತಿ," ಎಂದ. ನಾನು ಆಗ ಶಾಲೆಯ ಹುಡುಗಿ, ಅಪ್ಪನ ಟ್ರಾನ್ಸಿಸ್ಟರಿಗೆ ಕಾಯುತ್ತ ಅಲ್ಲೇ ಕುಳಿತಿದ್ದೆ. ರೇಡಿಯೋ ಓಣಿಗೆಲ್ಲ ಕೇಳುವಂತೆ ಹಾಡುತ್ತಿತ್ತು. ಕಾಕಾ ನಗಲಿಲ್ಲ. ಉದ್ದನೆಯ ವಾಯರಿನ ತುದಿಗೆ ಒಂದು ಸಣ್ಣ ಸ್ಪೀಕರ್ ಕಟ್ಟಿ, "ಇದನ್ನ ತಲಿದಿಂಬಿನ ಬಾಜೂಕ ಇಟ್ಕೋ. ದನಿ ಬಿದ್ದಿತ್ತು, ಎತ್ತೇನಿ," ಎಂದು ಕೊಟ್ಟರು. ಅಜ್ಜ ಖುಷಿಯಾಗಿ ಹೋದ. ಮುಚ್ಚಳ ಹಾಕುವ ಮೊದಲು ಅವರು ಬರೆದದ್ದನ್ನು ನಾನು ಓದಿದ್ದೆ: "ಸೆಟ್ ಚಲೋ ಐತಿ. ಅಜ್ಜಗ ದೂರ ಆಗಿತ್ತು. ಹತ್ರ ತಂದೇನಿ."

"ಅಜ್ಜಗ ಒಂದು ಹೇಳಿದ್ರಿ, ಒಳಗ ಒಂದು ಬರದ್ರಿ," ಎಂದೆ.

"ಹೊರಗ ಏನರ ಹೇಳ್ಬಹುದು ಯವ್ವಾ. ಮುಚ್ಚಳದ ಒಳಗ ಸುಳ್ಳ ಬರೀಬಾರ್ದು. ಮುಂದ ಇದನ್ನ ಬಿಚ್ಚಾಂವ ನನ್ನ ನಂಬಿ ಕೈ ಹಾಕ್ತಾನ."

ನನ್ನ ಎಡಗಿವಿಯ ವಿಷಯ ಇಲ್ಲಿ ಹೇಳಬೇಕು. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಸೋರಿ, ಆಮೇಲೆ ಆ ಕಿವಿ ಅರ್ಧಕ್ಕಿಂತ ಕಡಿಮೆ ಕೇಳತೊಡಗಿತು. ಅವ್ವ ಇದನ್ನು ಯಾರಿಗೂ ಹೇಳಲಿಲ್ಲ. ಹೇಳಬೇಡವೆಂದು ನನಗೂ ಹೇಳಲಿಲ್ಲ. ಆದರೆ ಎಲ್ಲಿಗೆ ಹೋದರೂ, "ಎಡಕ್ಕ ಗ್ವಾಡಿ ನೋಡ್ಕೊಂಡು ಕೂಡು," ಎನ್ನುತ್ತಿದ್ದಳು. ಎಡಕ್ಕೆ ಗೋಡೆ ಇದ್ದರೆ ಮಾತನಾಡುವವರೆಲ್ಲ ಬಲಕ್ಕೇ ಇರುತ್ತಾರೆ. ತರಗತಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ನಾನು ಹೀಗೆ ಗೋಡೆ ಹುಡುಕಿಕೊಂಡೇ ಬೆಳೆದೆ. ಮಾತು ಕಡಿಮೆ, ಗಂಭೀರ ಸ್ವಭಾವದ ಹುಡುಗಿ ಎಂದು ಹೆಸರು ಬಂತು. ಅಪ್ಪನಿಗೆ ಮಾರ್ಕೆಟ್ ಯಾರ್ಡಿನಲ್ಲಿ ಅಡತಿ ಅಂಗಡಿ; ಅವರಿಗೆ ಈ ಸಂಗತಿ ಗೊತ್ತಿತ್ತೋ ಇಲ್ಲವೋ, ಮನೆಯಲ್ಲಿ ಆ ಮಾತೇ ಎಂದೂ ಬರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ಊರ ಕಾಲೇಜಿನಲ್ಲಿ ಪಾಠ ಹೇಳುತ್ತ, ಬೀಸುವ ಹಾಡುಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ರಾಮದುರ್ಗದ ಕಡೆಯ ಹಳ್ಳಿಗಳಿಗೆ ಹೋಗಿ ಮುದುಕಿಯರ ಹಾಡು ಧ್ವನಿಮುದ್ರಿಸಿ ತಂದು, ಮನೆಯಲ್ಲಿ ಟೇಪ್ ಹಾಕಿ ಒಂದೊಂದು ಪದವನ್ನೂ ಬರೆದುಕೊಳ್ಳುವ ಕೆಲಸ. ನನ್ನ ಮಾರ್ಗದರ್ಶಕರು ನಿವೃತ್ತರಾಗುವಾಗ ತಮ್ಮ ಹಳೆಯ ದೊಡ್ಡ ಹೆಡ್‌ಫೋನನ್ನು ನನಗೆ ಕೊಟ್ಟರು. ಆಕಾಶವಾಣಿಯವರು ಬಳಸುವಂಥದ್ದು, ಕಿವಿಯನ್ನು ಪೂರಾ ಮುಚ್ಚುತ್ತಿತ್ತು. ಮನೆಯ ಟೇಪ್‌ಡೆಕ್ಕಿಗೆ ಸಿಕ್ಕಿಸಿದರೆ ಬಾವಿಯ ತಳದಿಂದ ಯಾರೋ ಗೊಣಗಿದಂತೆ ಕೇಳಿಸಿತು.

ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಕಾಕಾನ ಹತ್ತಿರ ಹೋದೆ. ನಾನು ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ಅವರು ನನ್ನನ್ನು "ಯವ್ವಾ" ಎನ್ನುವುದು ಬಿಟ್ಟು, ಶಾಲೆಯ ಶಿಕ್ಷಕಿಯರನ್ನು ಕರೆಯುವಂತೆ "ಅಕ್ಕಾರ" ಎನ್ನತೊಡಗಿದ್ದರು. ಅದರಲ್ಲಿ ಸ್ವಲ್ಪ ಗೌರವ, ಸ್ವಲ್ಪ ಚೇಷ್ಟೆ.

ಹೆಡ್‌ಫೋನಿಗೆ ಮೀಟರ್ ಹಚ್ಚಿ ನೋಡಿ, "ಇದು ದೊಡ್ಡ ಮನಿ ಎಮ್ಮಿ ಐತ್ರಿ ಅಕ್ಕಾರ. ಭಾಳ ಕುಡೀತೈತಿ. ನಿಮ್ಮ ಟೇಪು ಇದಕ್ಕ ಚಮಚಾಲೆ ನೀರ ಕುಡಸಾಕ ಹತ್ತೈತಿ," ಎಂದರು. "ನಡುವ ಒಂದು ಆಂಪ್ಲಿಫೈಯರ್ ಬೇಕು. ಹೆಡ್‌ಫೋನಿಗಂತನ ಮಾಡಿದ್ದು. ಸ್ಪೀಕರಿಂದು ಹಚ್ಚೀರಿ ಮತ್ತ, ಸುಟ್ಟ ಹೊಕ್ಕೈತಿ."

"ಎಂಥಾದ್ದು ತಗೋಬೇಕು ಕಾಕಾ?"

"ಬೆಳಗಾವ್ಯಾಗ ಸಿಗ್ತಾವು. ಹೋಗಿ ಕೇಳ್ರಿ. ನೋಡಿ ತಗೋಬ್ಯಾಡ್ರಿ, ಕೇಳಿ ತಗೋರಿ. ನಿಮ್ಮ ಹೆಡ್‌ಫೋನು, ನಿಮ್ಮ ಟೇಪು ನಿಮ್ಮ ಕೂಡ ಇರ್ಲಿ. ಅಂಗಡ್ಯಾಂವ ತಂದು ಹಚ್ಚಿದ್ರ ಎಲ್ಲಾ ಚಂದನ ಕೇಳತೈತಿ. ಮತ್ತ ದನಿ ದೊಡ್ಡದು ಬಂತಂತ ಮಳ್ಳ ಆಗಬ್ಯಾಡ್ರಿ. ಸಣ್ಣಗ ಇಟ್ಟಾಗ ಮುದಿಕಿ ಉಸರ ತಗೊಳ್ಳೂದು ಕೇಳಸಬೇಕು. ಅದು ಕೇಳಿಸಿದ್ರ ತಗೋರಿ."

ಬೆಳಗಾವಿಗೆ ಹೋದೆ. ಅಂಗಡಿಯವನು ಕರಿಯ ಬಣ್ಣದ, ನೀಲಿ ದೀಪದ ಎರಡು ಡಬ್ಬಿಗಳನ್ನು ಒಂದಾದ ಮೇಲೊಂದು ಹಚ್ಚಿ ತೋರಿಸಿದ. ಎರಡರಲ್ಲೂ ಉಸಿರು ಕೇಳಿಸಿತು. ಎರಡರಲ್ಲೂ ಮುದುಕಿ ನನ್ನ ಬಲಭುಜದ ಆಚೆ ಎಲ್ಲೋ ಕುಳಿತು ಹಾಡುತ್ತಿದ್ದಳು. ನನಗೆ ಯಾವಾಗಲೂ ಹಾಗೇ. ಬರಿಗೈಯಲ್ಲಿ ವಾಪಸು ಬಂದೆ.

"ಅಷ್ಟೇನೂ ಚಲೋ ಇರ್ಲಿಲ್ಲ ಕಾಕಾ."

"ಏನ ಚಲೋ ಇರ್ಲಿಲ್ಲ?"

ನಾನು ಹೆಡ್‌ಫೋನಿನ ವಾಯರು ಸುತ್ತತೊಡಗಿದೆ. ಅವರು ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು. ಹೆಡ್‌ಫೋನನ್ನು ಏನೋ ಒಂದು ಯಂತ್ರಕ್ಕೆ ಜೋಡಿಸಿ, ಗುಂಯ್ ಎನ್ನುವ ಒಂದೇ ದನಿ ಹಚ್ಚಿ, ದನಿಯನ್ನು ಎಡಬಲಕ್ಕೆ ಸರಿಸುವ ತಿರುಪು ಗುಬ್ಬಿಯೊಂದನ್ನು ನಿಧಾನ ತಿರುಗಿಸುತ್ತ, "ದನಿ ತಲಿ ನಡುವ ಬಂದಾಗ ಕೈ ಎತ್ರಿ," ಎಂದರು. ಕೈ ಎತ್ತಿದೆ. ಅವರು ಗುಬ್ಬಿ ನಿಂತ ಜಾಗವನ್ನು ನೋಡಿದರು. ಹೆಡ್‌ಫೋನನ್ನು ತಿರುವಿ, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಹಾಕಿ ಮತ್ತೊಮ್ಮೆ ಮಾಡಿದರು. ಮತ್ತೆ ಕೈ ಎತ್ತಿದೆ. ಮತ್ತೆ ಗುಬ್ಬಿ ನೋಡಿದರು, ಈ ಸಲ ಅದು ಎದುರು ಬದಿಗೆ ನಿಂತಿತ್ತು. ಹೆಡ್‌ಫೋನು ತಿರುವಿದರೂ ನನ್ನ ಕಿವಿ ತಿರುಗಿರಲಿಲ್ಲ. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಮುಚ್ಚಿಟ್ಟುಕೊಂಡದ್ದು ಎರಡು ನಿಮಿಷದಲ್ಲಿ ಅವರಿಗೆ ತಿಳಿದುಹೋಯಿತು.

"ಬೆಳಗಾವಿದು ಬ್ಯಾಡ್ರಿ. ನಾನ ಮಾಡಿ ಕೊಡ್ತೇನಿ," ಎಂದರು. ಮುಂದಿನ ಸಲ ಹೋದಾಗ ಗಿರಾಕಿಗಳ ಸ್ಟೂಲು ಮೇಜಿನ ಇನ್ನೊಂದು ಬದಿಗೆ ಬಂದಿತ್ತು. ಅಲ್ಲಿ ಕುಳಿತರೆ ಗೋಡೆ ನನ್ನ ಎಡಕ್ಕೆ.

ತಿಂಗಳ ನಂತರ ಡಬ್ಬಿ ಬಂತು. ಯಾವುದೋ ಹಳೆಯ ಸ್ಟೆಬಿಲೈಜರಿನ ಹೊರಮೈಗೆ ಬೂದು ಬಣ್ಣ ಬಳಿದಿದ್ದರು. ಮುಂದೆ ವಾಲ್ವ್ ರೇಡಿಯೋದಿಂದ ಕಿತ್ತ ದಂತದ ಬಣ್ಣದ ಒಂದೇ ಗುಬ್ಬಿ. ನೋಡಲು ಚಂದವಿರಲಿಲ್ಲ. ನಾನು ತೊರಗಲ್ಲಿನ ಮುದುಕಿಯ ಟೇಪ್ ಹಚ್ಚಿ ಹೆಡ್‌ಫೋನು ಹಾಕಿಕೊಂಡೆ. ಬೀಸುಕಲ್ಲಿನ ಗರಗರ, ಬಳೆ, ಆಮೇಲೆ ಉಸಿರು. ಆಕೆ ಬಲಭುಜದ ಆಚೆಯಿಂದ ಎದ್ದು ಬಂದು ನನ್ನ ಹಣೆಯ ನಡುವೆ ಕುಳಿತು ಹಾಡಿದಳು. ಮಾತು ನಡುವಿನಿಂದ ಬರುತ್ತದೆ ಎಂಬುದನ್ನು ನಾನು ಒಂಬತ್ತು ವರ್ಷದವಳಿದ್ದಾಗ ಮರೆತಿದ್ದೆ. ಅವ್ವ ಒಳಗಿನಿಂದ ಬಂದು ಯಾಕೆ ಅಳುತ್ತೀ ಎಂದು ಕೇಳಿದಾಗಲೇ ನಾನು ಅಳುತ್ತಿರುವುದು ನನಗೆ ಗೊತ್ತಾದದ್ದು.

ಎಡಗಿವಿಗೆ ಅವರು ದನಿ ಹೆಚ್ಚಿಟ್ಟಿದ್ದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಮುಂದಿನ ವರ್ಷ ಸವದತ್ತಿಯ ಕಡೆಯಿಂದ ಒಂದು ಸಂಬಂಧ ಬಂತು. ವರ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ. ಸಂಬಂಧ ತಂದವರು ಅವನ ಸೋದರಮಾವ ಗುರಪ್ಪನವರು. ನಮ್ಮೂರ ಬಜಾರದಲ್ಲೇ ಅವರ ಭಾಂಡೆ ಅಂಗಡಿ, ಪಾತ್ರೆ ಪಡಗದ ವ್ಯಾಪಾರ. ನೋಡಲು ಬಂದ ದಿನ ಅವ್ವ ಬೆಳಿಗ್ಗೆಯೇ ಪಡಸಾಲೆಯ ಕುರ್ಚಿಗಳನ್ನು ಜೋಡಿಸಿ, ನನ್ನದನ್ನು ಎಡಗೋಡೆಗೆ ತಾಗಿಸಿ ಇಟ್ಟಿದ್ದಳು. ಅವರು ಕೇಳಿದ ಎಲ್ಲ ಪ್ರಶ್ನೆಗೂ ನಾನು ಸರಿಯಾಗಿ ಉತ್ತರ ಕೊಟ್ಟೆ. ಉಪ್ಪಿಟ್ಟು, ಚಹಾ ಆಯಿತು. ವರನ ಕಣ್ಣು ಮೂಲೆಯ ಮೇಜಿನ ಮೇಲೆ ಬಿತ್ತು.

"ಹೆಡ್‌ಫೋನ್ ಆಂಪ್ಲಿಫೈಯರ್ ಏನ್ರಿ ಅದು? ಯಾವ ಕಂಪನೀದು?"

"ನಮ್ಮ ರೇಡಿಯೋ ಸಾಬ ಮಾಡ್ಯಾನ್ರಿ," ಎಂದರು ಅಪ್ಪ ಹೆಮ್ಮೆಯಿಂದ. "ಕೇಳಿ ನೋಡ್ರಿ."

ಅವನು ಎದ್ದು ಹೋಗಿ ಹೆಡ್‌ಫೋನು ಹಾಕಿಕೊಂಡ. ಬೇಡ ಎನ್ನಲು ನನಗೆ ಒಂದು ಕ್ಷಣ ಸಿಕ್ಕಿತ್ತು. ಅವನು ಸ್ವಲ್ಪ ಹೊತ್ತು ಕೇಳಿದ, ಗುಬ್ಬಿ ತಿರುಗಿಸಿದ, ಹುಬ್ಬು ಗಂಟಿಕ್ಕಿದ.

"ಇದು ಎಡಕ್ಕ ವಾಲೇದ್ರಿ. ಎಡಗಿವಿಗೆ ಭಾಳ ಜಾಸ್ತಿ ಬರ್ಲಿಕತ್ತದ." ಆಮೇಲೆ ನನ್ನನ್ನು ನೋಡಿ, ಕೆಡುಕಿಲ್ಲದ ದನಿಯಲ್ಲಿ, "ದಿನಾ ಕೇಳ್ತೀರಿ, ನಿಮಗ ಗೊತ್ತಾಗಿಲ್ಲೇನ್ರಿ?" ಎಂದ.

ಎಲ್ಲರೂ ನನ್ನತ್ತ ನೋಡಿದರು. ಅವ್ವ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ನಾನು ಸ್ಪಷ್ಟವಾಗಿ, ತರಗತಿಯಲ್ಲಿ ಹೇಳುವಂತೆ ಹೇಳಿದೆ:

"ಗೊತ್ತಾಗಿತ್ರಿ. ಅವರಿಗೆ ವಯಸ್ಸಾಗೇದ. ಕೆಲಸ ಮೊದಲಿನಂಗ ಆಗೂದಿಲ್ಲ."

ಯಾರೂ ನನ್ನ ಬಾಯಿಂದ ಈ ಮಾತನ್ನು ಹೊರಡಿಸಲಿಲ್ಲ. ಬರೀ ಇಲ್ಲ ಎಂದಿದ್ದರೂ ಸಾಕಿತ್ತು. ನಾನೇ ಪೂರ್ತಿ ವಾಕ್ಯ ಮಾಡಿ ಕೊಟ್ಟೆ.

ಅಪ್ಪನಿಗೆ ಬೀಗರಾಗುವವರ ಮುಂದೆ ಸಂಕೋಚವಾಯಿತು. "ಈಗಿಂದೀಗ ಕರಸ್ತೇನಿ," ಎಂದು ಕಾಕಾನ ಅಂಗಡಿಯ ಪಕ್ಕದ ಟೆಲಿಫೋನ್ ಬೂತಿಗೆ ಫೋನು ಮಾಡಿದರು. ಹತ್ತು ನಿಮಿಷದಲ್ಲಿ ಕಾಕಾ ಉಪಕರಣಗಳ ಚೀಲ ಹೆಗಲಿಗೆ ಹಾಕಿಕೊಂಡು ಬಂದು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟರು. ವರ ಎದ್ದು ನಿಂತು, ಮರ್ಯಾದೆಯಿಂದಲೇ, ತಪ್ಪು ಏನೆಂದು ವಿವರಿಸಿದ. ಕಾಕಾ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಜೇಬಿಗೆ ಹಾಕಿ ಹೆಡ್‌ಫೋನು ಹಾಕಿಕೊಂಡರು. ಕೇಳುತ್ತಲೇ ಒಮ್ಮೆ ಪಡಸಾಲೆಯನ್ನೆಲ್ಲ ನೋಡಿದರು. ಹೊಸ ಚಾದರ ಹಾಸಿದ ಮಂಚ, ಚಹಾದ ಕಪ್ಪುಗಳು, ಇಳಕಲ್ ಸೀರೆ ಉಟ್ಟು ಎಡಗೋಡೆಗೆ ತಾಗಿ ಕುಳಿತ ನಾನು. ಅವರ ಕಣ್ಣು ನನ್ನ ಮೇಲೆ ನಿಂತಿತು. ನಾನು ಏನಾದರೂ ಹೇಳುತ್ತೇನೆಂದು ಅವರು ಕಾಯುತ್ತಿದ್ದರು. ನಾನು ಸೆರಗಿನ ಅಂಚನ್ನು ನೋಡಿದೆ.

"ಖರೆ ಐತ್ರಿ ಸರ್," ಎಂದರು ಕಾಕಾ. "ಎಡಕ್ಕ ಜಾಸ್ತಿ ಹೊಂಟೈತಿ. ನನ್ನ ಕಿವಿ ಮೋಸ ಮಾಡ್ಯಾವ್ರಿ. ಇತ್ತಿತ್ತಲಾಗ ಎಡಗಿವಿ ಸರಿ ಕೇಳಸಂಗಿಲ್ಲ ನನಗ. ಅದಕ್ಕ ತಿಳೀದ ಅಲ್ಲಿ ಜಾಸ್ತಿ ಇಟ್ಟ ಬಿಟ್ಟೇನಿ."

"ಆಹಾ! ರೇಡಿಯೋ ಮೇಸ್ತ್ರಿಗಿ ಕಿವೀನ ಇಲ್ಲಂದ್ರ ಹೆಂಗೋ ಮಾರಾಯಾ!" ಎಂದರು ಗುರಪ್ಪನವರು. ಎಲ್ಲರೂ ನಕ್ಕರು. ಕಾಕಾ ಕೂಡ ನಕ್ಕು, "ಏನ್ಮಾಡೂದ್ರಿ ಧಣ್ಯಾರ, ಹೊಟ್ಟಿ ಐತೆಲ್ಲ," ಎಂದರು. ನಾನು ನಗಲಿಲ್ಲ. ಅಷ್ಟನ್ನು ನನ್ನ ಪರವಾಗಿ ಬರೆದುಕೊಳ್ಳಬಹುದು, ಅದರಿಂದ ನನ್ನ ತಪ್ಪೇನೂ ಕಡಿಮೆಯಾಗುವುದಿಲ್ಲ.

ಎರಡು ದಿನ ಬಿಟ್ಟು ಡಬ್ಬಿ ವಾಪಸು ತಂದುಕೊಟ್ಟರು. ಬಾಗಿಲಲ್ಲೇ ನಿಂತು, ಅವ್ವ ಅಡುಗೆಮನೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಹೇಳಿದರು:

"ಅಕ್ಕಾರ, ಈಗ ಎರಡೂ ಸಮಾ ಅದಾವು. ಯಾರ ಕೇಳಿದ್ರೂ ತಪ್ಪ ಹಿಡಿಯಂಗಿಲ್ಲ. ತಳದಾಗ ಒಂದು ತೂತ ಇಟ್ಟೇನಿ. ಮಂದಿ ಹೋದಮ್ಯಾಲ ಈ ಸ್ಕ್ರೂಡ್ರೈವರ್ ಹಾಕಿ ಎಡಕ್ಕ ಒಂದೂವರಿ ಸುತ್ತ ತಿರುವ್ರಿ, ನಿಮಗ ಬೇಕಾದಂಗ ಆಕ್ಕೈತಿ. ಮಂದಿ ಬರೂಮುಂದ ಬಲಕ್ಕ ಒಂದೂವರಿ ತಿರುವಿ ಬಿಡ್ರಿ."

"ಕಾಕಾ, ಅವತ್ತ ನಾ..."

"ಅಂಗಡ್ಯಾಗ ಸಾಲ್ಡರ್ ಕಾಯಾಕ ಇಟ್ಟ ಬಂದೇನ್ರಿ," ಎಂದು ಹೊರಟುಬಿಟ್ಟರು.

ಆ ಸಂಬಂಧ ಕೂಡಲಿಲ್ಲ. ಮೂರು ತಿಂಗಳ ನಂತರ ಆ ವರನಿಗೆ ಕಿತ್ತೂರಿನ ಕಡೆಯ ಹೆಣ್ಣು ಗೊತ್ತಾಯಿತು. ಗುರಪ್ಪನವರು ಮಾತ್ರ ಭಾಂಡೆ ಕೊಳ್ಳಲು ಬಂದವರಿಗೆಲ್ಲ ಆ ದಿನದ ಕಥೆಯನ್ನು ನಗುತ್ತ ಹೇಳಿದರು. ಅವರದು ದ್ವೇಷವಲ್ಲ, ಒಳ್ಳೆಯ ಕಥೆ ಸಿಕ್ಕಿತ್ತು. ಬಜಾರದಲ್ಲಿ ರೇಡಿಯೋ ಸಾಬ ಹೋಗಿ ಕಿವುಡ ಸಾಬ ಆದರು. ಜನ ರೇಡಿಯೋ, ಟೇಪುಗಳನ್ನು ಧಾರವಾಡಕ್ಕೆ ಒಯ್ಯತೊಡಗಿದರು. ಕಿವಿ ಇಲ್ಲದವನ ಕೈಗೆ ದನಿಯ ಸಾಮಾನನ್ನು ಯಾರು ಕೊಡುತ್ತಾರೆ?

ಆಗಲೂ ಹೇಳಬಹುದಿತ್ತು. ಒಂದು ದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹಿರಿಯ ಅಧ್ಯಾಪಕರೊಬ್ಬರು ನನ್ನನ್ನೇ ಕೇಳಿದರು: "ನಿಮ್ಮ ಮನ್ಯಾಗ ನಡೀತಂತಲ್ರಿ ಅದು. ಖರೇನ ಆ ಸಾಬಗ ಕೇಳಸಂಗಿಲ್ಲೇನು? ನಮ್ಮ ತಂದೀದು ಹಳೇ ರೇಡಿಯೋ ಐತಿ, ಕೊಡಬೇಕೋ ಬ್ಯಾಡೋ?" ಅವರು ನನ್ನ ಬಲಕ್ಕೆ ಕುಳಿತಿದ್ದರು, ನನಗೆ ಪ್ರತಿ ಅಕ್ಷರವೂ ಕೇಳಿಸಿತು. "ನನಗ ಗೊತ್ತಿಲ್ರಿ," ಎಂದೆ. ಮನೆಗೆ ಇನ್ನೊಂದು ಸಂಬಂಧ ಬರುವುದಿತ್ತು. ಅದೂ ಕೂಡಲಿಲ್ಲ. ಪಡಸಾಲೆಯಲ್ಲಿ ನಾನು ಹೇಳಿದ್ದನ್ನು ಗಾಬರಿಯಲ್ಲಿ ಹೇಳಿದೆ ಎನ್ನಬಹುದು. ಸ್ಟಾಫ್ ರೂಮಿನಲ್ಲಿ ನನಗೆ ಗಾಬರಿಯಾಗಿರಲಿಲ್ಲ.

ಮುಂದಿನ ಬೇಸಿಗೆಗೆ ಕಾಕಾನ ಅಂಗಡಿ ಮುಚ್ಚಿತ್ತು. ಸುರೇಬಾನದಲ್ಲಿದ್ದ ಮಗಳ ಮನೆಗೆ ಹೋದರು ಎಂದರು.

ಎರಡು ವರ್ಷ ಕಳೆದ ಮೇಲೆ, ತೊರಗಲ್ಲಿಗೆ ಹೊರಟವಳು ಸುರೇಬಾನದಲ್ಲಿ ಇಳಿದೆ. ಅಳಿಯನ ಪಂಕ್ಚರ್ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕಾಕಾ ಬೆನ್ನು ಮಾಡಿ ಕುಳಿತಿದ್ದರು. ನಾನಿನ್ನೂ ರಸ್ತೆಯ ಈಚೆ ಇದ್ದೆ. ಬಸ್ಸು ನಮ್ಮಿಬ್ಬರ ನಡುವೆ ಗುಡುಗುತ್ತಿತ್ತು. "ಕಾಕಾ," ಎಂದೆ, ನನ್ನ ಎಂದಿನ ಸಣ್ಣ ದನಿಯಲ್ಲಿ. ಅವರು ಥಟ್ಟನೆ ತಿರುಗಿದರು.

"ಬಾರವಾ, ಬಾ," ಎಂದು ಸರಿದು ಜಾಗ ಮಾಡಿದರು. ನಾನು ಕುಳಿತ ಮೇಲೆ ಎದ್ದು ಈಚೆ ಬಂದು ನನ್ನ ಬಲಕ್ಕೆ ಕುಳಿತರು. ಅಕ್ಕಾರ ಎನ್ನಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಅಂಗಡಿಯ ಒಳಗಿನಿಂದ ಅಳಿಯ ಗಂಟಲು ಹರಿಯುವಂತೆ ಕೂಗಿದ: "ಮಾಮಾ! ಚಾ ಕುಡೀತೀಯೇನೋ! ಚಾ!"

"ಆಂ?" ಎಂದರು ಕಾಕಾ ಕಿವಿಗೆ ಕೈ ಹಚ್ಚಿ. ಅವನು ಇನ್ನೊಮ್ಮೆ ಕೂಗಿದ ಮೇಲೆ ತಲೆಯಾಡಿಸಿದರು. ಆಮೇಲೆ ನನ್ನ ಕಡೆ ಬಾಗಿ, "ಆ ಹೆಸರು ಇಲ್ಲೀತನಾ ಬಂದೈತಿ. ಚಲೋನ ಆತು. ಮಗಳು ಬೈಯೂದು ಕೇಳಸಂಗಿಲ್ಲ, ಚಾ ಅನ್ನೂದು ಕೇಳಸತೈತಿ," ಎಂದರು. ನಾನು ನಗಬೇಕೆಂದು ಅವರು ಹೇಳಿದ್ದು. ನನ್ನಿಂದ ಆಗಲಿಲ್ಲ.

"ಕಾಕಾ, ಅವತ್ತ ನಾ ಹೇಳಬೇಕಾಗಿತ್ತು."

ಕಾಕಾನ ಕಿವಿಯ ಮೇಲೆ ಪೆನ್ಸಿಲ್ ಇರಲಿಲ್ಲ. ಆದರೂ ಕೈ ಅಲ್ಲಿಗೆ ಹೋಗಿ ಬಂತು.

"ಹೇಳೂದು ನಿನ್ನ ಕೆಲಸ ಇತ್ತು. ಮುಚ್ಚೂದು ನನ್ನ ಕೆಲಸ ಇತ್ತು. ನಾ ನನ್ನ ಕೆಲಸ ಮಾಡೇನಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅವರು ಜಾಗ ತಪ್ಪಿದ ತಂತಿಯನ್ನು ತೋರಿಸುವಾಗಿನ ದನಿ ಅದು. ಆಮೇಲೆ, "ತೂತಿನಾಗ ಧೂಳ ಹೋಗಗೊಡಬ್ಯಾಡ. ಅರಿವಿ ಮ್ಯಾಲ ಇಡು," ಎಂದರು. ಚಹಾ ಬಂತು. ಕುಡಿದೆವು. ತೊರಗಲ್ಲಿನ ಬಸ್ಸು ಬಂದಾಗ ಅವರೇ ಕೈ ಅಡ್ಡ ಹಾಕಿ ನಿಲ್ಲಿಸಿದರು. ಅದೇ ಕೊನೆಯ ಭೇಟಿ.

ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಅಪ್ಪ ಬಜಾರದಿಂದ ಬಂದು, ಕೈಕಾಲು ತೊಳೆದುಕೊಳ್ಳುತ್ತ ಹೇಳಿದರು: "ಸುರೇಬಾನದಾಗ ಆ ಕಿವುಡ ಸಾಬ ತೀರಕೊಂಡನಂತ. ಗುರಪ್ಪ ಹೇಳಿದ."

ಕಿವುಡ ಸಾಬ. ಅಪ್ಪನೇ ಒಂದು ಕಾಲಕ್ಕೆ ಆ ಮನುಷ್ಯನನ್ನು ಹೆಮ್ಮೆಯಿಂದ ಹೆಸರಿಸಿದ್ದರು.

ನಾನು ಕೋಣೆಗೆ ಹೋಗಿ ಡಬ್ಬಿಯನ್ನು ಬೋರಲು ಹಾಕಿದೆ. ಇಷ್ಟು ವರ್ಷ ತಳದ ತೂತಿಗೆ ಸ್ಕ್ರೂಡ್ರೈವರ್ ಹಾಕಿ ತಿರುವಿದ್ದೆನೇ ಹೊರತು ಮುಚ್ಚಳ ಎಂದೂ ಬಿಚ್ಚಿರಲಿಲ್ಲ. ಅವರು ಒಳಗೆ ಬರೆಯುತ್ತಾರೆಂದು ಗೊತ್ತಿದ್ದೂ ಬಿಚ್ಚಿರಲಿಲ್ಲ. ಪ್ರಾಯಶಃ ಅದು ಗೊತ್ತಿದ್ದುದರಿಂದಲೇ. ನಾಲ್ಕು ಸ್ಕ್ರೂ ತೆಗೆದು ಮುಚ್ಚಳವನ್ನು ದೀಪಕ್ಕೆ ಹಿಡಿದೆ.

ಮೇಲೆ ಎರಡು ಸಾಲು ಬರೆದದ್ದನ್ನು ಬ್ಲೇಡಿನಿಂದ ಕೆರೆದು ತೆಗೆದಿದ್ದರು. ತಗಡು ಅಲ್ಲಿ ಹೊಳೆಯುತ್ತಿತ್ತು. ಮುಚ್ಚಳವನ್ನು ಓರೆ ಮಾಡಿದಾಗ ಒಂದೇ ಒಂದು ಪದದ ಗುರುತು ಉಳಿದಿರುವುದು ಕಾಣಿಸಿತು: "ಬೇಕಂತ". ಎಡಕ್ಕೆ ಬೇಕೆಂದೇ ಹೆಚ್ಚಿಟ್ಟಿದ್ದೇನೆ ಎಂದು ಮೊದಲು ಬರೆದಿದ್ದರು. ಅದರ ಕೆಳಗೆ, ಹೊಸ ಪೆನ್ಸಿಲ್ಲಿನ ದಪ್ಪ ಅಕ್ಷರಗಳಲ್ಲಿ, ಹೀಗಿತ್ತು:

"ಎಡಕ್ಕ ಜಾಸ್ತಿ ಇತ್ತು. ನನ್ನ ಕಿವಿ ಸರಿ ಇಲ್ಲ, ಅದಕ್ಕ ತಪ್ಪ ಆಗಿತ್ತು. ಈಗ ಸಮಾ ಮಾಡೇನಿ. ಇಮಾಮಸಾಬ."

ಮುಂದೆ ಯಾವನಾದರೂ ಮೇಸ್ತ್ರಿ ಇದನ್ನು ಬಿಚ್ಚಿದರೆ, ಅವನಿಗೂ ನನ್ನ ಕಿವಿಯ ವಿಷಯ ತಿಳಿಯಬಾರದು. ಜೀವಮಾನದಲ್ಲಿ ಮುಚ್ಚಳದ ಒಳಗೆ ಅವರು ಬರೆದ ಸುಳ್ಳು ಬಹುಶಃ ಇದೊಂದೇ. ಕೆಳಗೆ ಹೆಸರನ್ನೂ ಹಾಕಿದ್ದರು.

ಮರುದಿನ ಬೆಳಿಗ್ಗೆ, ಮುಚ್ಚಳವನ್ನು ಕೈಚೀಲದಲ್ಲಿ ಹಾಕಿಕೊಂಡು ಬಜಾರಕ್ಕೆ ಹೋದೆ. ಗುರಪ್ಪನವರ ಭಾಂಡೆ ಅಂಗಡಿ ಆಗ ತಾನೇ ತೆರೆದಿತ್ತು. ಕೊಡ, ತಂಬಿಗೆ ನೋಡುತ್ತ ನಾಲ್ಕು ಜನ ಗಿರಾಕಿಗಳಿದ್ದರು. "ಬರ್ರಿ ಅಕ್ಕಾರ, ಬರ್ರಿ," ಎಂದು ಗುರಪ್ಪನವರು ಎದ್ದು, ನನಗೊಂದು ಸ್ಟೂಲು ಕೊಟ್ಟು, ತಾವು ಎಡಕ್ಕೆ ಬಂದು ನಿಂತು ಏನೋ ಕೇಳಿದರು. ನನಗೆ ಕೇಳಿಸಲಿಲ್ಲ.

"ಈ ಕಡೆ ಬರ್ರಿ ಮಾಮಾರ," ಎಂದೆ. ಆ ನಾಲ್ಕು ಜನಕ್ಕೂ ಕೇಳುವಷ್ಟು ದೊಡ್ಡ ದನಿಯಲ್ಲಿ, ನನಗೆ ಅಭ್ಯಾಸವಿಲ್ಲದ ದನಿಯಲ್ಲಿ, ಹೇಳಿದೆ: "ಎಡಗಿವಿ ಕೇಳಸಂಗಿಲ್ಲ ನನಗ. ಸಣ್ಣಾಕಿ ಇದ್ದಾಗಿಂದ. ಇಮಾಮಸಾಬ ಕಾಕಾಗ ಎರಡೂ ಕಿವಿ ಚಲೋ ಇದ್ದೂ."